ಸುಗಲಮ್ಮನ ಕೊರಳು

ಚಿಂತಲ್, ಹೈದರಾಬಾದ್
೧೬ ಅಕ್ಟೋಬರ್ ೨೦೨೫, ಗುರುವಾರ

ಮಾನಸಾ,

ಮೊದಲು ‘ಪ್ರಿಯ ಮಾನಸಾ’ ಎಂದು ಬರೆದೆ. ಆ ಹಕ್ಕು ನನಗಿದೆಯೇ ಎನ್ನಿಸಿ ಆ ಹಾಳೆಯನ್ನು ಪಕ್ಕಕ್ಕಿಟ್ಟು ಇದನ್ನು ತೆಗೆದುಕೊಂಡೆ. ನಾನು ಸುಮಂಗಲಾ. ಗುಲ್ಬರ್ಗಾದ ಚಿತ್ರಕಲಾ ಶಾಲೆಯಲ್ಲಿ ಐದು ವರ್ಷ ನಿನ್ನ ಪಕ್ಕದಲ್ಲಿ ಕೂತು ಬರೆದವಳು. ಅಕ್ಷರ ನೋಡಿಯೇ ನಿನಗೆ ಗೊತ್ತಾಗಿರುತ್ತದೆ. ಗೊತ್ತಾದ ಮೇಲೂ ಓದುತ್ತಿದ್ದೀಯಾದರೆ ಅಷ್ಟೇ ಸಾಕು.

ನಿನ್ನ ವಿಳಾಸ ಕೊಟ್ಟವನು ಗೊಲ್ಲಾಳಪ್ಪ. ನಮ್ಮ ಕ್ಲಾಸಿನಲ್ಲಿ ಬೋರ್ಡು ಬರೆಯುವುದರಲ್ಲಿ ಎಲ್ಲರಿಗಿಂತ ಮುಂದಿದ್ದನಲ್ಲ, ಅವನೇ. ಈಗ ಶಹಾಬಾದಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ. ನೀನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿರುವುದು, ನಿಮ್ಮ ತಾಯಿ ತೀರಿಕೊಂಡದ್ದು, ಗುಲ್ಬರ್ಗಾದ ಜಗತ್ ಬಡಾವಣೆಯ ಮನೆಯಲ್ಲಿ ನೀನೊಬ್ಬಳೇ ಇರುವುದು, ಎಲ್ಲ ಅವನೇ ಹೇಳಿದ. ಫೋನ್ ನಂಬರನ್ನೂ ಕೊಟ್ಟ. ಎರಡು ಸಲ ಮಾಡಿದೆ. ಮೊನ್ನೆ ಮಂಗಳವಾರ ಸಂಜೆ ‘ಹಲೋ, ಯಾರ್ರೀ’ ಎಂದು ನೀನು ಕೇಳಿದಾಗ ಮಾತಾಡದೆ ಇಟ್ಟುಬಿಟ್ಟವಳು ನಾನು. ನಿನ್ನ ದನಿ ಸ್ವಲ್ಪವೂ ಬದಲಾಗಿಲ್ಲ.

ಆ ಟಾನಿಕ್ ಬಾಟಲಿಯ ವಿಷಯ ಬಿಟ್ಟು ನಿನ್ನೊಂದಿಗೆ ಬೇರೇನನ್ನೂ ಮಾತಾಡುವ ಹಾಗಿಲ್ಲ ಎಂಬುದು ನನಗೆ ಗೊತ್ತು. ನಾನು ಇಲ್ಲಿ ಜೀಡಿಮೆಟ್ಲಾದ ಆರ್ಟ್ ಸ್ಟುಡಿಯೋ ಸೇರಿ ಆಗ ಒಂದು ವರ್ಷವಾಗಿತ್ತು. ಔಷಧಿಯ ಡಬ್ಬಿಗಳಿಗೆ, ಲೇಬಲ್ಲುಗಳಿಗೆ ಚಿತ್ರ ಬರೆದುಕೊಡುವುದು ನಮ್ಮ ಕೆಲಸ. ಹೆಂಗಸರ ಬಿಳಿಸೆರಗಿನ ಟಾನಿಕ್ಕೊಂದಕ್ಕೆ ಮರುದಿನ ಬೆಳಗಾಗುವುದರೊಳಗೆ ಒಂದು ಮುಖ ಬೇಕಿತ್ತು. ನನ್ನ ಹಳೆಯ ಸ್ಕೆಚ್ ಪುಸ್ತಕದಲ್ಲಿ ನೀನಿದ್ದೆ, ಕಿಟಕಿಯ ಪಕ್ಕ ಗಲ್ಲಕ್ಕೆ ಕೈಯಿಟ್ಟು ಕೂತವಳು. ಅದಕ್ಕೇ ಬಣ್ಣ ಹಾಕಿ ಕೊಟ್ಟೆ. ತುಟಿಯ ಕೆಳಗಿನ ಮಚ್ಚೆಯನ್ನೂ ತೆಗೆಯಲಿಲ್ಲ. ಅವಸರದಲ್ಲಿ ಹಾಗಾಯಿತು. ಆ ಟಾನಿಕ್ಕು ಹೆಚ್ಚಾಗಿ ನಮ್ಮ ಗುಲ್ಬರ್ಗಾ, ಬೀದರ, ರಾಯಚೂರಿನ ಕಡೆಗೇ ಹೋಗುತ್ತದೆಂದು ನನಗೆ ತಿಳಿದಿರಲಿಲ್ಲ. ನೀನು ಒಂದೇ ಒಂದು ಕಾರ್ಡು ಬರೆದಿದ್ದೆ. ‘ಸೂಪರ್ ಮಾರ್ಕೆಟ್ಟಿನ ಮೂರು ಮೆಡಿಕಲ್ ಅಂಗಡಿಯಾಗ ನಾ ಸಾಲಾಗಿ ಕುಂತೀನಿ. ಬಂದು ನೋಡಿ ಹೋಗು.’ ಬೀದರದ ಹುಡುಗನ ಕಡೆಯವರು ಅದೇ ಬಾಟಲಿ ಹಿಡಿದುಕೊಂಡು ಬಂದು, ಹುಡುಗಿಗೆ ಈ ಕಾಯಿಲೆ ಐತೇನು ಎಂದು ನಿಮ್ಮ ತಾಯಿಯನ್ನು ಕೇಳಿದ್ದು, ಮದುವೆಯ ಮಾತುಕತೆ ಮುರಿದದ್ದು ಆಮೇಲೆ ಬೇರೆಯವರಿಂದ ತಿಳಿಯಿತು. ನಾನು ಉತ್ತರ ಬರೆಯಲಿಲ್ಲ. ಏನು ಬರೆಯಬೇಕೆಂದು ತೋಚಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ.

ಈಗ ಬರೆಯುತ್ತಿರುವುದು ಕ್ಷಮೆ ಕೇಳುವುದಕ್ಕೆ ಮಾತ್ರವಲ್ಲ. ನಿನ್ನಿಂದ ಒಂದು ಉಪಕಾರವಾಗಬೇಕಾಗಿದೆ. ಅದೂ ನನಗಲ್ಲ, ಸುಗಲಮ್ಮ ಎಂಬ ಒಬ್ಬಳಿಗೆ. ಅವಳು ಯಾರು, ಏನಾಯಿತು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ಆ ಸ್ಟುಡಿಯೋದಲ್ಲಿ ಇಪ್ಪತ್ತಾರು ವರ್ಷ ಕೂತೆ, ಮಾನಸಾ. ಸೊಂಟ ಹಿಡಿದುಕೊಂಡ ಮುದುಕ, ಹೊಟ್ಟೆನೋವಿನ ಹೆಂಗಸು, ಕೆಮ್ಮುವ ಮಗು, ಮಂಡಿಯ ಸುತ್ತ ಕೆಂಪು ಉಂಗುರ. ಮಾಲೀಕರು ಹಳೇ ಶಹರದವರು, ಒಳ್ಳೆಯವರು. ಅವರದು ಒಂದೇ ಮಾತು: ‘ಬೀಮಾರ್ ಭೀ ಅಚ್ಛೇ ದಿಖ್ನಾ ಅಮ್ಮಾ.’ ಕಾಯಿಲೆಯವರೂ ಚೆಂದ ಕಾಣಬೇಕು. ಮುಖದಲ್ಲಿ ನೋವಿರಬಹುದು, ಸುಕ್ಕಿರಬಾರದು. ಮೈಮೇಲೆ ಗಂಟು, ಗಾಯ, ಕಲೆ ಯಾವುದೂ ಕೂಡದು, ಕೊಳ್ಳುವವರು ಹೆದರುತ್ತಾರೆ. ಮೊದಮೊದಲು ಕೈ ತಡೆಯುತ್ತಿತ್ತು. ಆಮೇಲೆ ಕೈಗೆ ಅದೇ ರೂಢಿಯಾಯಿತು. ಕಣ್ಣಿಗೂ ಆಯಿತು ಎಂಬುದು ನನಗೆ ಗೊತ್ತಾಗಿದ್ದು ಈ ವರ್ಷ.

ಈಗ ಕಂಪ್ಯೂಟರಿಗೆ ಹೇಳಿದರೆ ಅದೇ ಮುದುಕನನ್ನೂ ಅದೇ ಮಗುವನ್ನೂ ನಿಮಿಷದಲ್ಲಿ ಮಾಡಿಕೊಡುತ್ತದೆ. ಹೋದ ವರ್ಷ ಮಾಲೀಕರ ಮಗ ಶಾಲು ಹೊದಿಸಿ ನನ್ನನ್ನು ಮನೆಗೆ ಕಳಿಸಿದ. ಏಳೆಂಟು ತಿಂಗಳು ಸುಮ್ಮನೆ ಕಳೆದವು. ನಮ್ಮ ಮನೆಯವರು ಜಯತೀರ್ಥ ಇಲ್ಲಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿದ್ದಾರೆ, ಹೆಚ್ಚು ಮಾತಿನವರಲ್ಲ. ಜೂನ್ ಕೊನೆಗೆ ಒಂದು ದಿನ ಪೇಪರಿನ ತುಂಡೊಂದನ್ನು ಹರಿದು ತಂದು ನನ್ನ ಮುಂದಿಟ್ಟರು. ಬೇಗಂಪೇಟೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ಬರೆಯುವ ಗುಂಪೊಂದು ಸೇರುತ್ತದೆ ಎಂದು ಅದರಲ್ಲಿತ್ತು. ‘ನೀ ಮೊದ್ಲ ಇದನ್ನ ಮಾಡ್ತಿದ್ದಿ ಅಲಾ, ಹೋಗಿ ಬಾ’ ಅಂದರು. ಮದುವೆಯಾದ ಮೇಲೆ ನಾನು ಹಾಗೆ ಬರೆದದ್ದನ್ನು ಅವರು ಒಮ್ಮೆಯೂ ನೋಡಿಲ್ಲ. ಅವರಿಗದು ಹೇಗೆ ನೆನಪಿತ್ತೋ.

ಜುಲೈ ಮೊದಲ ಭಾನುವಾರ ಹೋದೆ. ಹಳೆಯ ಬಂಗಲೆಯೊಂದರ ಮಹಡಿ. ನನ್ನನ್ನೂ ಸೇರಿಸಿ ಎಂಟು ಜನ, ಹೆಚ್ಚಿನವರಿಗೆ ನನ್ನ ಅರ್ಧ ವಯಸ್ಸು. ನಡೆಸುವವನು ನಿಶಾಂತ ಎಂಬ ಹುಡುಗ, ಮೂವತ್ತು ತುಂಬಿರಲಿಕ್ಕಿಲ್ಲ. ಕೆಳಗಡೆ ರಿಪೇರಿ ಕೆಲಸ ನಡೆದಿತ್ತು. ಅಲ್ಲಿ ಇಟ್ಟಿಗೆ ಹೊರುತ್ತಿದ್ದ ಹೆಂಗಸೊಬ್ಬಳನ್ನು ಕೇಳಿ ಒಪ್ಪಿಸಿ ಮೇಲೆ ಕರೆತಂದಿದ್ದ. ನಲವತ್ತೈದರ ಸುಮಾರಿನವಳು. ಸೀರೆಯ ಮೇಲೆ ತೊಟ್ಟಿದ್ದ ಗಂಡಸರ ಅಂಗಿಯನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಳು.

ನಾನು ಇದ್ದಿಲು ಹಿಡಿದೆ. ಇಪ್ಪತ್ತೆಂಟು ವರ್ಷಗಳ ನಂತರ ಹಿಡಿದದ್ದು. ಕೈ ಹೆದರಲೇ ಇಲ್ಲ, ಅದೇ ತಪ್ಪಾಯಿತು. ಹತ್ತೇ ನಿಮಿಷದಲ್ಲಿ ಎಲ್ಲರಿಗಿಂತ ಮೊದಲು ಬರೆದು ಮುಗಿಸಿದೆ. ನಿಶಾಂತ ಹಿಂದೆ ಬಂದು ನಿಂತು, ಮೇಡಂ, ಆಕೆ ನಗುತ್ತಿದ್ದಾರಾ ಎಂದು ಮೆಲ್ಲಗೆ ಕೇಳಿದ. ನೋಡಿದೆ. ಸ್ಟೂಲಿನ ಮೇಲಿದ್ದವಳು ನಗುತ್ತಿರಲಿಲ್ಲ. ನನ್ನ ಹಾಳೆಯ ಮೇಲಿದ್ದವಳು ನಗುತ್ತಿದ್ದಳು. ಇನ್ನೊಂದು ಹಾಳೆ ತೆಗೆದುಕೊಂಡೆ, ಅದರಲ್ಲೂ ನಕ್ಕಳು. ಮೂರನೆಯದರಲ್ಲಿ ತುಟಿ ಬಿಗಿ ಮಾಡಿದೆ, ಕಣ್ಣು ನಕ್ಕವು. ಆಕೆಯ ಮೈಭಾರ ಎಲ್ಲಿ ಬಿದ್ದಿದೆ ನೋಡಿ ಎಂದು ನಿಶಾಂತ ಹೇಳಿಕೊಟ್ಟ. ನೀನಾಗಿದ್ದರೆ ಒಂದೇ ಗೆರೆಯಲ್ಲಿ ತೋರಿಸಿಬಿಡುತ್ತಿದ್ದೆ. ನಾನು ಹುಡುಕಿದೆ, ಸಿಗಲಿಲ್ಲ. ನಾನು ಬರೆದ ಹೆಂಗಸರು ಯಾರೂ ಯಾವುದರ ಮೇಲೂ ಕೂತವರಲ್ಲ. ಅವರ ಸೊಂಟದ ಕೆಳಗೆ ಯಾವಾಗಲೂ ಔಷಧಿಯ ಹೆಸರು ಬರುತ್ತಿತ್ತು.

ಅಷ್ಟರಲ್ಲಿ ಆಕೆ ಬಾಯೊಳಗೇ ಗೊಣಗಿದಳು. ‘ಇನ್ನಾ ಎಷ್ಟೊತ್ತು ಕೂಡ್ಬೇಕೋ ಯವ್ವಾ, ಕಾಲ ಜೋಮ ಹಿಡದಾವ.’ ಅಲ್ಲಿದ್ದವರು ಅವಳನ್ನು ತೆಲುಗಿನವಳೆಂದೇ ತಿಳಿದಿದ್ದರು. ನನ್ನ ಬಾಯಿಂದ ತಾನಾಗಿ ಮಾತು ಬಂತು. ‘ಇನ್ನೊಂದ ಐದ ನಿಮಿಷ ಕೂಡವಾ.’ ಆಕೆ ಗಕ್ಕನೆ ನನ್ನ ಕಡೆ ತಿರುಗಿಬಿಟ್ಟಳು. ಎಂಟೂ ಜನರ ಚಿತ್ರ ಕೆಟ್ಟಿತು. ‘ನಮ್ಮ ಮಾತ ಆಡ್ತೀರಲ್ರಿ ಅಕ್ಕಾರ, ಯಾ ಊರ್ರಿ?’ ಎಂದು ಕೇಳಿದಳು. ಗುಲ್ಬರ್ಗಾ ಅಂದೆ. ಅವಳದು ಸುರಪುರದ ಆಚೆಗಿನ ಒಂದು ಹಳ್ಳಿ. ಹೆಸರು ಸುಗಲಮ್ಮ. ಗಂಡ ಬೂದೆಪ್ಪ ಶಾಪೂರ್ ನಗರದ ಕಡೆ ಕಟ್ಟುತ್ತಿರುವ ಅಪಾರ್ಟ್‌ಮೆಂಟೊಂದಕ್ಕೆ ವಾಚ್‌ಮನ್. ಅಲ್ಲೇ ತಗಡಿನ ಶೆಡ್ಡಿನಲ್ಲಿ ಇಬ್ಬರೂ ಇರುತ್ತಾರೆ. ಮಕ್ಕಳಿಲ್ಲ.

ಆಮೇಲೆ ಪ್ರತಿ ಭಾನುವಾರ ಅವಳೇ ಬಂದಳು. ಇಟ್ಟಿಗೆ ಹೊರುವುದಕ್ಕಿಂತ ಇದೇ ಕಷ್ಟ ಎನ್ನುತ್ತಿದ್ದಳು. ‘ಹೊರೂ ಮುಂದ ನಾ ಎಲ್ಲಿ ಅದೀನಿ ಅಂತ ನನಗs ಗೊತ್ತಿರಂಗಿಲ್ರಿ. ಇಲ್ಲಿ ಕುಂತ್ರ ಮೈಯೆಲ್ಲಾ ಒಂದೊಂದs ನೆಪ್ಪಾಗತೈತಿ.’ ವಿರಾಮದ ಹೊತ್ತಿನಲ್ಲಿ ಚಹಾದ ಲೋಟ ಹಿಡಿದುಕೊಂಡು ಎಲ್ಲರ ಹಲಗೆಗಳ ಮುಂದೂ ಒಂದು ಸುತ್ತು ಬರುತ್ತಿದ್ದಳು. ಕೊನೆಗೆ ನನ್ನ ಹಾಳೆಯ ಮುಂದೆ ಬಂದು ಬಹಳ ಹೊತ್ತು ನಿಲ್ಲುತ್ತಿದ್ದಳು. ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಏನೇ ಆಗಲಿ ನಮ್ಮ ಗೆರೆಯಲ್ಲಿ ಒಂದು ನಯ ಇದೆ, ಅದು ಓದುಬರಹ ಇಲ್ಲದವಳ ಕಣ್ಣಿಗೂ ಬೀಳುತ್ತದೆ ಎಂದುಕೊಂಡೆ.

ಐದನೆಯ ಭಾನುವಾರ ನನ್ನ ಹಾಳೆಯ ಮೇಲಿನ ನಗು ಹೋಯಿತು. ಕೈಗಳು ಕೈಗಳ ಹಾಗೆ ಬಂದವು. ಆ ದಿನ ನಾನು ಅವಳ ಕೊರಳನ್ನು ಬರೆಯುತ್ತಿದ್ದೆ. ಎಡಗಡೆ, ಹೆಗಲಿನ ಎಲುಬಿನ ಮೇಲಿನ ಹಳ್ಳದಲ್ಲಿ ಒಂದು ಸಣ್ಣ ಉಬ್ಬು. ಹುಣಸೆಬೀಜದಷ್ಟು. ಅದರ ನೆರಳನ್ನು ಬರೆದೆ. ಗೆರೆ ಕೆಟ್ಟಿತು. ಕಿವಿಯ ಹಿಂದಿನಿಂದ ಇಳಿದು ಹೆಗಲಿಗೆ ಬರುವ ಗೆರೆಯಿದೆಯಲ್ಲ, ಇಷ್ಟು ದಿನದಲ್ಲಿ ಅದೊಂದೇ ಸರಿಯಾಗಿ ಬಂದಿತ್ತು. ರಬ್ಬರು ತೆಗೆದುಕೊಂಡು ಉಬ್ಬನ್ನು ಅಳಿಸಿದೆ. ಹಾಳೆಯ ಮೇಲೆ ಇದ್ದಿಲು ಒರೆಸಿಕೊಂಡಿರಬೇಕು ಎಂದು ಮನಸ್ಸಿಗೆ ಹೇಳಿದೆ. ಆರನೆಯ ಭಾನುವಾರ ಅದು ಮತ್ತೆ ಇತ್ತು. ಮತ್ತೆ ಅಳಿಸಿದೆ. ಏಳನೆಯ ವಾರ ಅಳಿಸುವ ಕೆಲಸವೂ ಇರಲಿಲ್ಲ, ಅದನ್ನು ಬಿಟ್ಟೇ ಬರೆದೆ. ಎಂಟನೆಯ ವಾರ ಅವಳು ಸೆರಗನ್ನು ಕೊರಳಿಗೆ ಸುತ್ತಿಕೊಂಡು ಬಂದಳು. ತೆಗೆಯವಾ ಅಂದೆ. ‘ಹಂಗs ಇರ್ಲಿರಿ, ಥಂಡಿ ಹತ್ತತೈತಿ’ ಎಂದಳು. ಆಗಸ್ಟ್ ತಿಂಗಳು, ಫ್ಯಾನು ತಿರುಗಿದರೂ ಬೆವರು ಇಳಿಯುತ್ತಿತ್ತು. ನಾನು ಹೆಚ್ಚು ಕೇಳಲಿಲ್ಲ.

ಹನ್ನೊಂದನೆಯ ಭಾನುವಾರ ನಿಶಾಂತ ಎಲ್ಲರ ಹಾಳೆಗಳನ್ನೂ ನೆಲದ ಮೇಲೆ ಹರಡಿದ. ಸಣ್ಣದೊಂದು ಪ್ರದರ್ಶನ ಮಾಡೋಣ, ಆರಿಸಿ ಎಂದ. ಸುಗಲಮ್ಮ ಆ ದಿನ ಬಂದಿರಲಿಲ್ಲ, ಕೈ ಎತ್ತಲಾಗುತ್ತಿಲ್ಲ ಎಂದು ಹೇಳಿಕಳಿಸಿದ್ದಳು. ಒಬ್ಬೊಬ್ಬರದು ಒಂದೊಂದು ಸಾಲು, ವಾರದಿಂದ ವಾರಕ್ಕೆ. ಕಾಲೇಜು ಹುಡುಗಿಯೊಬ್ಬಳಿದ್ದಾಳೆ, ಮೂಗು ಒಂದು ಕಡೆ ಕಣ್ಣು ಒಂದು ಕಡೆ ಬರೆಯುತ್ತಾಳೆ. ಅವಳ ಸಾಲಿನಲ್ಲಿ ಆ ಉಬ್ಬು ಇತ್ತು. ಪಕ್ಕದವನ ಸಾಲಿನಲ್ಲೂ ಇತ್ತು. ಹುಣಸೆಬೀಜದಷ್ಟಿದ್ದದ್ದು ಕಡಲೆಕಾಯಿಯಷ್ಟಾಗಿ, ನಿಂಬೆಕಾಯಿಗೆ ಹತ್ತಿರವಾಗಿ, ಕೊನೆಕೊನೆಗೆ ಸೆರಗಿನ ಮಡಿಕೆಯನ್ನೇ ಎತ್ತಿ ಹಿಡಿದಂತೆ. ಎಡಹೆಗಲು ವಾರವಾರಕ್ಕೂ ಇಳಿಯುತ್ತ ಬಂದಿತ್ತು. ಅವರು ಯಾರೂ ಅದನ್ನು ಕಾಯಿಲೆಯೆಂದು ತಿಳಿದು ಬರೆದವರಲ್ಲ, ಕಂಡದ್ದನ್ನು ಬರೆದಿದ್ದರು. ಏಳು ಜನರ ಸಾಲಿನಲ್ಲೂ ಇತ್ತು. ನನ್ನ ಸಾಲೊಂದರಲ್ಲಿ ಕೊರಳು ತಾವರೆಯ ದಂಟಿನ ಹಾಗೆ ನುಣ್ಣಗಿತ್ತು.

ನಿಶಾಂತ ಬಹಳ ಹೊತ್ತು ನೋಡಿದ. ನಿಮ್ಮದರಲ್ಲಿ ಇದು ಯಾಕಿಲ್ಲ ಎಂದು ಕೇಳಿದ. ನಾನು ಗಮನಿಸಲಿಲ್ಲ ಅಂದೆ.

ಮರುದಿನವೇ ಶಾಪೂರ್ ನಗರಕ್ಕೆ ಹೋದೆ. ಸುಗಲಮ್ಮ ಶೆಡ್ಡಿನೊಳಗೆ ಮಲಗಿದ್ದಳು. ಸೆರಗು ಸರಿಸಿ ತೋರಿಸಿದಳು. ಆಮೇಲೆ ಬೂದೆಪ್ಪನನ್ನು ಹೊರಗೆ ಕಳಿಸಿ, ನನ್ನ ಕೈ ಹಿಡಿದು ತನ್ನ ಎಡ ಎದೆಯ ಮೇಲೆ ಇಟ್ಟುಕೊಂಡಳು. ‘ಇದು ವರ್ಷದ ಮ್ಯಾಲಾತ್ರಿ. ನೋವಿಲ್ಲ. ನೋವಿಲ್ಲದ್ದಕ್ಕ ಯಾರ ದವಾಖಾನಿಗೆ ಹೋಗ್ತಾರ್ರಿ.’ ನನ್ನ ಅಂಗೈ ಕೆಳಗೆ ಕಲ್ಲು ಸಿಕ್ಕಿತು.

ಸಿಕಂದರಾಬಾದಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಮೂರು ವಾರ ಓಡಾಡಿದೆವು. ಸೂಜಿ ಹಾಕಿ ಗಂಟಿನ ಚೂರು ತೆಗೆದರು, ಸ್ಕ್ಯಾನ್ ಮಾಡಿದರು. ಎದೆಯಲ್ಲಿ ಹುಟ್ಟಿದ್ದು ಕೊರಳಿನವರೆಗೆ ಬಂದಿದೆ. ಡಾಕ್ಟರು ಒಬ್ಬಳು ಸಣ್ಣ ಹುಡುಗಿ, ತಾಳ್ಮೆಯಿಂದ ಹೇಳಿದಳು. ತಡವಾಗಿದೆ, ಆದರೂ ಔಷಧಿ ಇದೆ. ಮೂರು ವಾರಕ್ಕೊಂದರಂತೆ ಆರು ಇಂಜೆಕ್ಷನ್, ನಡುನಡುವೆ ರಕ್ತ ಪರೀಕ್ಷೆ, ಆಮೇಲೆ ಆಪರೇಷನ್ ಆಗುತ್ತದೋ ನೋಡಬೇಕು. ನಾನು ಅವಳನ್ನು ಒಂದೇ ಒಂದು ಪ್ರಶ್ನೆ ಕೇಳಿದೆ. ಎರಡು ತಿಂಗಳು ಮೊದಲು ಬಂದಿದ್ದರೆ ಏನಾದರೂ ವ್ಯತ್ಯಾಸ ಆಗುತ್ತಿತ್ತೇ ಎಂದು. ಇದು ಬೇಗ ಬೆಳೆಯುವ ಜಾತಿಯದು, ಎರಡು ತಿಂಗಳೂ ಕಡಿಮೆಯಲ್ಲ ಎಂದಳು.

ಹೊರಗೆ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದಾಗ ಸುಗಲಮ್ಮನಿಗೆ ಹೇಳಿಬಿಟ್ಟೆ. ನಾನು ಅದನ್ನು ಮೊದಲೇ ನೋಡಿದ್ದೆ, ಚಿತ್ರ ಕೆಡುತ್ತದೆಂದು ಅಳಿಸಿದ್ದೆ ಎಂದೆ. ಬಯ್ಯಲಿ ಎಂದೇ ಹೇಳಿದೆ ಅನ್ನಿಸುತ್ತದೆ. ಬೈದರೆ ಹಗುರಾಗುತ್ತಿತ್ತು. ಅವಳು ನನ್ನ ಮುಖ ನೋಡಿ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

‘ನನಗ ಗೊತ್ತಿತ್ರಿ ಅಕ್ಕಾರ. ಎಲ್ಲಾರೂ ಗಂಟ ಬರೀತಿದ್ರು. ನೀವೊಬ್ರs ಬರೀಲಿಲ್ಲ. ಅದಕ್ಕs ನಾ ನಿಮ್ಮ ಹಾಳಿ ಮುಂದ ನಿಲ್ತಿದ್ದೆ. ಇಷ್ಟ್ ಕಲತವ್ರು, ನಮ್ಮ ಊರ್ ಕಡಿಯವ್ರು, ಇವ್ರ ಕಣ್ಣಿಗೆ ಗಂಟ ಕಾಣವಲ್ದು ಅಂದ್ರ ಏನೂ ಇಲ್ಲ ಅಂತ ಧೈರ್ಯ ತಗೊಂತಿದ್ದೆ. ಗಂಡ ದವಾಖಾನಿಗೆ ನಡೀ ಅಂತ ಎರಡ್ ಸಲ ಅಂದ. ನಾನs ಒಲ್ಲೆ ಅಂದೆ.’

ಕೈಗೆ ಏನಾದರೂ ಕೆಲಸ ಬೇಕೆಂದು ಆಸ್ಪತ್ರೆಯ ಫೈಲಿನ ಹಿಂಬದಿಯಲ್ಲಿ ಅವಳನ್ನು ಬರೆಯತೊಡಗಿದೆ. ಗೋಡೆಗೆ ಒರಗಿ, ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದುಕೊಂಡು ಕೂತಿದ್ದಳು. ಗಂಟನ್ನು ಬರೆದೆ. ಅದರ ನೆರಳನ್ನು ಬರೆದೆ. ಮೈಭಾರವೆಲ್ಲ ಬಲಗಡೆಯ ಸೊಂಟದ ಮೇಲೆ ಬಿದ್ದು ಬೆಂಚು ಅದನ್ನು ಹೊತ್ತಿದ್ದು ಕಂಡಿತು. ಹೇಳಲು ನಾಚಿಕೆಯಾಗುತ್ತದೆ, ಅದು ಚೆನ್ನಾಗಿ ಬಂದಿದೆ. ನಮ್ಮ ಮಾಸ್ತರು ಇದ್ದಿದ್ದರೆ ಗೋಡೆಗೆ ಹಾಕುತ್ತಿದ್ದರು. ಸುಗಲಮ್ಮ ಬಗ್ಗಿ ನೋಡಿದಳು. ‘ಹೌದ್ರಿ, ಇದು ನಾನs’ ಎಂದಳು. ಫೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಮಗುಚಿ ತೊಡೆಯ ಮೇಲಿಟ್ಟುಕೊಂಡಳು.

ಬೇಗಂಪೇಟೆಯ ಗುಂಪಿನವರು ನನ್ನನ್ನು ಈಗ ಬೇರೆಯೇ ತಿಳಿದಿದ್ದಾರೆ. ಚಿತ್ರ ನೋಡಿ ಕಾಯಿಲೆ ಕಂಡುಹಿಡಿದವರು, ಒಬ್ಬ ಹೆಂಗಸಿನ ಜೀವ ಉಳಿಸಲು ಓಡಾಡುತ್ತಿರುವವರು ಎಂದು ನಿಶಾಂತ ಎಲ್ಲರೆದುರು ಹೇಳಿದ. ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ. ಮನೆಗೆ ಬಂದು ನಮ್ಮವರಿಗೂ ಹಾಗೆಯೇ ಹೇಳಿದೆ. ಅಳಿಸಿದ ಮಾತು ಸುಗಲಮ್ಮನಿಗೆ ಗೊತ್ತು, ಈಗ ನಿನಗೆ.

ಆಸ್ಪತ್ರೆಯ ಕೌಂಟರಿನಲ್ಲಿ ಅವಳ ರೇಷನ್ ಕಾರ್ಡು ನೋಡಿ, ಇದು ಕರ್ನಾಟಕದ್ದು, ದೀರ್ಘಕಾಲದ ಚಿಕಿತ್ಸೆ ನಿಮ್ಮ ಕಡೆಯೇ ಮಾಡಿಸಿಕೊಳ್ಳಿ, ಅಲ್ಲಿ ಎಲ್ಲ ಸಿಗುತ್ತದೆ ಎಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಇಲ್ಲಿ ಹನ್ನೆರಡು ವರ್ಷ ಕಲ್ಲು ಮಣ್ಣು ಹೊತ್ತವಳು ಕಾಗದದ ಲೆಕ್ಕದಲ್ಲಿ ಇನ್ನೂ ಅಲ್ಲಿಯವಳು. ಅಲ್ಲಿ ಎಂದರೆ ನಮ್ಮ ಕಲಬುರ್ಗಿ. ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಚಾರಿಸಿದ್ದೇನೆ. ಬರಬಹುದು, ಆದರೆ ಇಂಜೆಕ್ಷನ್ ಕೊಟ್ಟ ದಿನವೇ ಮನೆಗೆ ಕಳಿಸುತ್ತಾರೆ, ಹತ್ತಿರದಲ್ಲಿ ಇರಬೇಕು, ಜ್ವರ ಬಂದರೆ ತಕ್ಷಣ ಬರಬೇಕು ಎಂದರು. ಅವಳ ಹಳ್ಳಿ ಅಲ್ಲಿಂದ ಎರಡು ಬಸ್ಸು, ಮೇಲೆ ನಡಿಗೆ. ಹಳ್ಳಿಯಲ್ಲಿ ಈಗ ಮನೆಯೂ ಇಲ್ಲ. ನಮ್ಮ ಅಪ್ಪನ ಮನೆ ಮಾರಿ ಎಷ್ಟೋ ವರ್ಷವಾಯಿತು, ತಮ್ಮ ಪುಣೆಯಲ್ಲಿದ್ದಾನೆ. ಕಲಬುರ್ಗಿಯಲ್ಲಿ ನನಗೆ ಗೊತ್ತಿರುವ ಒಂದೇ ಬಾಗಿಲು ನಿನ್ನದು. ಅದನ್ನೂ ನಾನು ನೋಡಿಲ್ಲ.

ಬೂದೆಪ್ಪ ಜೊತೆಗೆ ಬರುವಂತಿಲ್ಲ. ಬಂದರೆ ಕೆಲಸ ಹೋಗುತ್ತದೆ, ಶೆಡ್ಡು ಬೇರೆಯವರಿಗೆ ಹೋಗುತ್ತದೆ. ಮೊನ್ನೆ ನಾನು ಹೊರಡುವಾಗ ಗೇಟಿನವರೆಗೆ ಬಂದ. ‘ಆ ಬ್ಯಾನಿ ಹೆಸರು ಒಂದ್ ಚೀಟ್ಯಾಗ ಬರದ್ ಕೊಡ್ರಿ ಅಕ್ಕಾರ’ ಎಂದು ಕೇಳಿದ. ಯಾಕಪ್ಪಾ, ನಿನಗೆ ಓದು ಬರುವುದಿಲ್ಲವಲ್ಲ ಅಂದೆ. ‘ಕಿಸೇದಾಗ ಇಟ್ಗೊಂತೀನ್ರಿ. ಆಕಿ ಹೊತ್ತಾಳ, ನಾನೂ ಏನರ ಹೊರಬೇಕಲ್ರಿ’ ಅಂದ. ಬರೆದುಕೊಟ್ಟೆ. ಮಡಿಚಿ ಎದೆಯ ಜೇಬಿನಲ್ಲಿಟ್ಟುಕೊಂಡ.

ಇಷ್ಟು ಹೇಳಿದ ಮೇಲೆ ನಿನ್ನ ವಿಷಯದಲ್ಲಿ ಬರೆದ ಸುಳ್ಳನ್ನು ಹಾಗೇ ಬಿಡಲಾರೆ. ಅವಸರದಲ್ಲಿ ಹಾಗಾಯಿತು ಎಂದು ಮೇಲೆ ಬರೆದೆನಲ್ಲ. ಮೊದಲನೆಯ ಸಲ ಅವಸರ ಇದ್ದದ್ದು ನಿಜ. ಆದರೆ ನಿನ್ನ ಕಾರ್ಡು ಬಂದಾಗ ಎರಡನೆಯ ಮುದ್ರಣ ಇನ್ನೂ ಆಗಿರಲಿಲ್ಲ. ಮಾಲೀಕರಿಗೆ ಕಾರ್ಡು ಓದಿ ಹೇಳಿದೆ. ಅವರು ಕೂಡಲೇ, ಮುಖ ಬದಲಾಯಿಸು ಅಮ್ಮಾ, ಹೆಣ್ಣುಮಗಳ ಮಾತು, ಪಾಪ ಬೇಡ ಎಂದರು. ನಾನೇ, ಆ ಹುಡುಗಿ ತಮಾಷೆಗೆ ಬರೆದಿದ್ದಾಳೆ, ಏನೂ ಆಗುವುದಿಲ್ಲ ಎಂದೆ. ಯಾಕೆ ಗೊತ್ತೇನು? ಆ ಮುಖ ಚೆನ್ನಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ನಾನು ಬರೆದ ಸಾವಿರ ಮುಖಗಳಲ್ಲಿ ಜೀವ ಇದ್ದದ್ದು ಅದೊಂದಕ್ಕೇ. ಅದನ್ನು ತೆಗೆಯಲು ಮನಸ್ಸು ಬರಲಿಲ್ಲ. ಹೀಗೆ ನೀನು ಇನ್ನೂ ಹನ್ನೊಂದು ವರ್ಷ ಆ ಬಾಟಲಿಯ ಮೇಲೆ ಕೂತಿದ್ದೆ. ನಿನ್ನ ಮಚ್ಚೆಯನ್ನು ಉಳಿಸಿದ್ದೂ, ಸುಗಲಮ್ಮನ ಗಂಟನ್ನು ಅಳಿಸಿದ್ದೂ ಒಂದೇ ಕೈ. ಎರಡು ಸಲವೂ ಚಿತ್ರ ಚೆನ್ನಾಗಿರಲಿ ಎಂದೇ ಮಾಡಿದೆ.

ಕ್ಷಮಿಸು ಎಂದು ಕೇಳುವ ಧೈರ್ಯವಿಲ್ಲ. ನಿನ್ನ ಮನೆಯಲ್ಲಿ ಒಂದು ಕೋಣೆ ಖಾಲಿಯಿದೆ ಎಂದು ಗೊಲ್ಲಾಳಪ್ಪ ಹೇಳಿದ. ಐದಾರು ತಿಂಗಳು ಸುಗಲಮ್ಮ ಅಲ್ಲಿರಬಹುದೇ? ಅವಳ ಖರ್ಚೆಲ್ಲ ನನ್ನದು. ಅಡಿಗೆ ಮಾಡಿಕೊಳ್ಳುತ್ತಾಳೆ, ನಿನಗೂ ಮಾಡಿ ಹಾಕುತ್ತಾಳೆ, ಸುಮ್ಮನೆ ಕೂರುವ ಜಾತಿಯಲ್ಲ. ಜೋಳದ ರೊಟ್ಟಿ ಬಡಿಯುವಾಗ ಎಡಗೈ ಎತ್ತಲು ಬಿಡಬೇಡ. ಜ್ವರ ಬಂದರೆ ಮುಚ್ಚಿಡುತ್ತಾಳೆ, ಹಣೆ ಮುಟ್ಟಿ ನೋಡಬೇಕು. ಈ ಕೆಲಸಕ್ಕೆ ನನಗಿಂತ ನೀನು ಮೇಲು. ನೀನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದವಳು. ಆಗಲ್ಲ ಎಂದರೂ ನಾನು ತಪ್ಪು ತಿಳಿಯುವುದಿಲ್ಲ. ತಿಳಿಯುವ ಅಧಿಕಾರವೂ ನನಗಿಲ್ಲ.

ನಾನು ಮುಂದೆ ಬರೆಯುತ್ತೇನೋ ಇಲ್ಲವೋ ತಿಳಿಯದು. ಹೋದ ಭಾನುವಾರ ಹೋಗಿದ್ದೆ. ಸ್ಟೂಲಿನ ಮೇಲೆ ಬೇರೆ ಯಾರೋ ಮುದುಕರು ಕೂತಿದ್ದರು. ಅವರ ಮೈಯಲ್ಲಿ ಎಲ್ಲಿ ಏನಿದೆ ಎಂದು ಹುಡುಕುತ್ತ ಕೂತೆ. ಎರಡು ಗಂಟೆ ಹೊತ್ತು ಒಂದು ಗೆರೆಯನ್ನೂ ಎಳೆಯಲಾಗಲಿಲ್ಲ.

ಒಂದು ಕಾಲದ ನಿನ್ನವಳು,
ಸುಮಂಗಲಾ

ಮತ್ತೆ: ಒಪ್ಪಿಗೆ ಕೇಳುವವಳ ಹಾಗೆ ಬರೆದೆ. ಕೇಳುವಷ್ಟು ದಿನಗಳು ಉಳಿದಿಲ್ಲ, ಮಾನಸಾ. ಕಲಬುರ್ಗಿಯ ಆಸ್ಪತ್ರೆಯವರು ಸೋಮವಾರಕ್ಕೆ ಬರಹೇಳಿದ್ದಾರೆ. ಈ ಪತ್ರವನ್ನು ಪೋಸ್ಟಿಗೆ ಹಾಕುತ್ತಿಲ್ಲ. ಶನಿವಾರ ಬೆಳಿಗ್ಗೆ ಅವಳನ್ನು ಬೇಗಂಪೇಟೆಯಲ್ಲಿ ರೈಲು ಹತ್ತಿಸುತ್ತೇನೆ. ಇದನ್ನು ಈಗ ನಿನ್ನ ಕೈಗೆ ಕೊಟ್ಟು ಹೊಸ್ತಿಲ ಆಚೆ ನಿಂತಿರುವವಳೇ ಸುಗಲಮ್ಮ. ನಾನೂ ಜೊತೆಗೆ ಬರುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಬರುವುದಿಲ್ಲ, ರೈಲು ಹೊರಡುವಾಗ ಏನಾದರೊಂದು ನೆಪ ಹೇಳುತ್ತೇನೆ. ನೀನೇ ಒಪ್ಪಿ ಕರೆಸಿಕೊಂಡಿದ್ದೀ ಎಂದು ಹೇಳಿ ಅವಳನ್ನು ಹೊರಡಿಸಿದ್ದೇನೆ. ಅವಳಿಗೆ ಓದು ಬರುವುದಿಲ್ಲ. ನೀನು ಓದುತ್ತಿರುವಷ್ಟು ಹೊತ್ತೂ ನಿನ್ನ ಮುಖವನ್ನೇ ನೋಡುತ್ತ ನಿಂತಿರುತ್ತಾಳೆ.